ಮೂರು ತಿಂಗಳು ಕೇಳಬೇಡಿ

ಚರ್ಚಿನ ಅಯ್ಯನವರು ಪ್ರಾರ್ಥನೆಯ ಚೀಟಿ ಬಿಡಿಸಿ ಮೈಕಿನಲ್ಲಿ ಓದಿದರು. “ದಯಾಸಾಗರ್, ಬ್ಯೂಲಾ ದಂಪತಿಗೆ ಗರ್ಭಫಲ ಸಿಗಲೆಂದು ಪ್ರಾರ್ಥಿಸೋಣ.”

ತುಮಕೂರಿನ ನಮ್ಮ ಸಭೆಯಲ್ಲಿ ಅವತ್ತು ಇನ್ನೂರು ತಲೆಗಳು ಬಗ್ಗಿದವು. ಬಗ್ಗದೆ ಉಳಿದದ್ದು ನನ್ನದೊಂದೇ. ನನ್ನ ಹೊಟ್ಟೆಯ ವಿಷಯ ಮೈಕಿನಲ್ಲಿ! ಮೈಯೆಲ್ಲ ಉರಿದುಹೋಯಿತು. ಆರಾಧನೆ ಮುಗಿಯುವ ಮುಂಚೆಯೇ ಎದ್ದು ಆಚೆ ಬಂದೆ.

ಮದುವೆಯಾಗಿ ಆರು ವರ್ಷ. ಚೀಟಿ ಕೊಟ್ಟಿದ್ದು ಅತ್ತೆಯೇ ಎಂದು ನನಗೆ ಗ್ಯಾರಂಟಿಯಿತ್ತು. ಎರಡು ವಾರ ಅವರೊಡನೆ ಮಾತು ಬಿಟ್ಟೆ. ಗಂಡನ ಜೊತೆಗೂ ಎಷ್ಟು ಬೇಕೋ ಅಷ್ಟೇ. ಕೊನೆಗೆ, ತವರಿಗೆ ಹೋಗುತ್ತೇನೆ, ವಾಪಸ್ ಬರುವುದು ಗೊತ್ತಿಲ್ಲ ಎಂದು ಹೇಳಿಬಿಟ್ಟೆ. ತವರು ಕುಣಿಗಲ್.

“ಹೋಗು. ಅದಕ್ಕೂ ಮುಂಚೆ ಒಂದ್ಸಲ ಗುಬ್ಬಿಗೆ ಬಾ,” ಅಂದರು ದಯಾ.

ಗುಬ್ಬಿಯಲ್ಲಿ ಸುಗುಣಾ ಆಂಟಿ ಇದ್ದಾರೆ. ರಿಟೈರ್ಡ್ ನರ್ಸ್. ನಮ್ಮ ಸಭೆಯ ಗಂಡ ಹೆಂಡತಿ ಜಗಳಗಳಿಗೆಲ್ಲ ಅವರದೇ ಕೌನ್ಸೆಲಿಂಗ್.

ಬೈಕಿನಲ್ಲಿ ಗಂಡನಿಗೆ ತಗುಲದಂತೆ ಹಿಂದಕ್ಕೆ ಸರಿದು ಕೂತೆ. ದಯಾ ಕನ್ನಡಿಯನ್ನು ಮೆಲ್ಲಗೆ ನನ್ನ ಮುಖದ ಕಡೆ ತಿರುಗಿಸಿದರು.

“ಕನ್ನಡಿ ಇರೋದು ರಸ್ತೆ ನೋಡೋಕೆ,” ಅಂದೆ.

“ಹಿಂದಿರೋ ಅಪಾಯ ನೋಡೋಕೆ ತಾನೇ?”

ನಗು ಬಂತು. ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಂಟಿಯ ಮುಂದೆ ಎಲ್ಲ ಕಕ್ಕಿಬಿಟ್ಟೆ. ಮಾತ್ರೆ, ಸ್ಕ್ಯಾನು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಗಳು, ಆ ದಿನಗಳಲ್ಲಿ ಮಾತ್ರ ನನ್ನನ್ನು ಮುಟ್ಟುವ ಗಂಡ, ಚೀಟಿ ಬರೆದ ಅತ್ತೆ.

“ಚೀಟಿ ಅಮ್ಮ ಬರ್ದಿದ್ದಲ್ಲ. ನಾನು,” ಅಂದರು ದಯಾ.

“ಎರಡು ವಾರ ನಾನು ಅತ್ತೆ ಮುಖ ನೋಡಿಲ್ಲ. ನೀವು ಸುಮ್ನಿದ್ರಿ.”

“ಹೆದ್ರಿಕೊಂಡೆ ಕಣೇ. ಪ್ರತಿ ತಿಂಗ್ಳೂ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ, ನಂಗೆ ಕೇಳ್ಸುತ್ತೆ. ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಬರ್ದು ಹಾಕ್ದೆ.”

“ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಹೂಂ. ಕೇಳ್ಬೇಕಿತ್ತು.”

ಆಂಟಿ ಇಬ್ಬರಿಗೂ ಬಯ್ಯಲಿಲ್ಲ. “ಮಗು ಆಗೋದು ಬಿಡೋದು ನಿಮ್ಮಿಬ್ರ ಕೈಲೂ ಇಲ್ಲ. ದೇವ್ರಿಗೆ ಕೇಳಿದ್ದಾಗಿದೆ, ಆತನಿಗೇನು ಮರೆವಾ? ಇನ್ನು ಮೂರು ತಿಂಗ್ಳು ಮಗು ಬೇಕು ಅಂತ ಪ್ರಾರ್ಥನೆ ಮಾಡ್ಬೇಡಿ.”

ಇದಕ್ಕಾ ಇಷ್ಟು ದೂರ ಬಂದಿದ್ದು? “ಮತ್ತೇನು ಕೇಳೋದು ಆಂಟಿ?” ಅಂದೆ. ಧ್ವನಿ ಜೋರಾಗಿಯೇ ಇತ್ತು.

“ಇವ್ನಿಗೋಸ್ಕರ ನೀನು, ನಿನಗೋಸ್ಕರ ಇವ್ನು. ಅಷ್ಟು ನಿಮ್ಮ ಕೈಲಿದೆ. ಈಗ್ಲೇ ಶುರು ಮಾಡಿ, ಟೀ ಇಟ್ಟು ಬರ್ತೀನಿ,” ಎಂದು ಒಳಗೆ ಹೋದರು.

ಬೇರೆ ಪ್ರಾರ್ಥನೆ ಮಾಡುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು. ಕೊನೆಗೆ ದಯಾ ಕಣ್ಣು ಮುಚ್ಚಿದರು.

“ಕರ್ತನೇ, ಇವ್ಳು ಪಾಠ ಮಾಡೋ ಸ್ಕೂಲಲ್ಲಿ ಒಂಬತ್ತನೇ ಕ್ಲಾಸಿನವ್ರು ಬಹಳ ತಲೆ ತಿಂತಾರೆ. ಅವ್ರ ತಲೆಗೆ ಸ್ವಲ್ಪ ಗಣಿತ ಹತ್ಲಿ.”

ನಾನು ಒಂದು ಕಣ್ಣು ತೆರೆದು ನೋಡಿದೆ. ಅವರ ರೆಪ್ಪೆ ಒದ್ದೆಯಾಗಿತ್ತು.

“ಇವ್ಳು ಕುಣಿಗಲ್‌ಗೆ ಹೋಗ್ತಾಳಂತೆ. ತಡಿ ಅಂತ ಕೇಳಲ್ಲ, ಅದು ಅವ್ಳಿಷ್ಟ. ಚೀಟೀಲಿ ನಾನು ತಪ್ಪು ಬರ್ದೆ. ನಂಗೆ ಬೇಕಾಗಿರೋದು ಇವ್ಳು. ನೀನು ಮಗು ಕೊಟ್ರೂ, ಕೊಡ್ದೇ ಇದ್ರೂ, ಇವ್ಳೇ.”

ಆರು ವರ್ಷದಲ್ಲಿ ಈ ಮನುಷ್ಯ ನನಗೆ ಇದನ್ನು ಒಂದು ಸಲವೂ ಹೇಳಿರಲಿಲ್ಲ. ಮಗು ಕೊಡಲಾಗದವಳು ಇವರಿಗೆ ಯಾಕೆ ಬೇಕು ಎಂದು ಎಷ್ಟು ದಿನ ಒಳಗೊಳಗೇ ಸತ್ತಿದ್ದೇನೆ. ಈಗ ದೇವರ ಹತ್ತಿರ ಹೇಳುತ್ತಿದ್ದಾರೆ, ನಾನು ಪಕ್ಕದಲ್ಲೇ ಕೂತಿರುವಾಗ. ಸಿಟ್ಟು ಉಕ್ಕಿತು, ಅದರ ಜೊತೆಗೇ ಅಳುವೂ.

“ಕಣ್ಣು ಬಿಡ್ರೀ,” ಅಂದೆ. “ನನ್ನ ನೋಡ್ಕೊಂಡು ಹೇಳಿ.”

ಬಿಟ್ಟರು. ನೋಡಿದರು. ನಾನು ಕಣ್ಣು ಕದಲಿಸದೆ ಕಾದೆ.

“ನೀನೇ ಬೇಕು ಕಣೇ,” ಅಂದರು.

ನಾನೇ ಅವರ ಕೈ ಹಿಡಿದೆ. ಕ್ಯಾಲೆಂಡರಿನಲ್ಲಿ ಅವತ್ತಿಗೆ ಯಾವ ಗುರುತೂ ಇರಲಿಲ್ಲ.

“ಮನೆಗೆ ನಡೀರಿ,” ಅಂದೆ. “ಅತ್ತೆ ಹತ್ರ ಕ್ಷಮೆ ಕೇಳ್ಬೇಕು. ಮೊದ್ಲು ನೀವು.”