ಟಕಟಕಿಯ ಹೊಸ ಕೀಬೋರ್ಡ್

"ಸದ್ದೇ ಮಾಡದ ಗೇಮಿಂಗ್ ಕೀಬೋರ್ಡ್ ಯಾವುದು? ಬಳಸಿದವರು ಅಭಿಪ್ರಾಯ ಹೇಳಿ. ನಾನು ಆಡೋ ರೂಮಲ್ಲಿ ಇನ್ಮೇಲೆ ಇನ್ನೊಬ್ಬರು ಮಲಗ್ತಾರೆ."

ಆನ್‌ಲೈನ್ ಆಟದ ಗ್ರೂಪಿನಲ್ಲಿ ಟಕಟಕಿ ಬರೆದದ್ದನ್ನು ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬನ್ನು ಓದಿದ. ಮೊದಲ ಸಾಲನ್ನು ಒಮ್ಮೆ ಓದಿದ. ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದ. ಇನ್ನೊಬ್ಬರಂತೆ. ಬಹುವಚನ ಬೇರೆ. ಮದುವೆ ಗೊತ್ತಾಗಿದೆ, ಇನ್ನೇನು, ಅಂದುಕೊಂಡ. ಕೈಯಲ್ಲಿದ್ದ ಟೀ ತಣ್ಣಗಾಯಿತು.

ಬೇಕರಿಯಲ್ಲಿ ಹಿಟ್ಟು ನಾದುವವನಾದ್ದರಿಂದ ಅವನು ಗ್ರೂಪಿನವರ ಬಾಯಲ್ಲಿ ಬನ್ನು. ಅವಳ ಕೀಬೋರ್ಡ್ ಎಂಥ ಗಲಾಟೆಯದೆಂದರೆ ಮೈಕಿನಲ್ಲಿ ಅವಳ ಮಾತಿಗಿಂತ ಮೊದಲು ಅದರ ಸದ್ದೇ ಬರುತ್ತಿತ್ತು, ಹಾಗಾಗಿ ಅವಳು ಟಕಟಕಿ. ಮನೆಯಲ್ಲೇ ಕೂತು ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ಅವಳ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಎದುರೆದುರು ನೋಡಿರಲಿಲ್ಲ. ಅವಳ ಊರಿಗೆ ರೈಲಿನಲ್ಲಿ ಅರ್ಧ ದಿನದ ದಾರಿ.

ಬೇಕರಿ ಕೆಲಸ ಬೆಳಗಿನ ಜಾವ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಊರಿಗೆ ಊರೇ ದುಡಿಯುತ್ತಿರುವ ಹೊತ್ತಿನಲ್ಲಿ ಬನ್ನುವಿಗೆ ಬಿಡುವು. ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ರೂಮಿನ ಬಾಗಿಲು ತೆರೆದರೆ ಬೆಳಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತಿತ್ತು. ಅದನ್ನು ಎತ್ತಿಟ್ಟು "ಎಷ್ಟು ಸಲ ಹೇಳೋದು ನಿನಗೆ" ಎಂದು ಬೈಯುವವರು ಯಾರೂ ಇರಲಿಲ್ಲ. ಬೈಸಿಕೊಳ್ಳುವುದಕ್ಕೂ ಒಂದು ಪುಣ್ಯ ಬೇಕು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಆ ಹೊತ್ತಿಗೆ ಆಟಕ್ಕೆ ಸಿಗುತ್ತಿದ್ದವಳು ಅವಳೊಬ್ಬಳೇ. ಊಟ ಮುಗಿಸಿ ಒಂದಿಷ್ಟು ಆಡಿ ಅವಳು ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು. ಆಗಲೂ ಇಬ್ಬರೂ ಕಾಲ್ ಕಟ್ ಮಾಡುತ್ತಿರಲಿಲ್ಲ. ಮರೆತೆ ಎಂಬ ನೆಪದಲ್ಲಿ ಬನ್ನು ಹೆಡ್‌ಫೋನ್ ಹಾಕಿಕೊಂಡೇ ಮಲಗುತ್ತಿದ್ದ. ಕಿವಿಯಲ್ಲಿ ಟಕ ಟಕ ಟಕ. ಅವಳು ಒಂದು ಪದಕ್ಕಾಗಿ ಯೋಚಿಸುತ್ತಾ ನಿಂತರೆ ಅವನಿಗೆ ತಿಳಿಯುತ್ತಿತ್ತು. ಪದ ಸಿಕ್ಕಿದರೆ ತಿಳಿಯುತ್ತಿತ್ತು. ಸಿಟ್ಟು ಬಂದರೆ ಅದು ಪಾಪದ ಸ್ಪೇಸ್‌ಬಾರ್ ಮೇಲೆ ಬೀಳುತ್ತಿತ್ತು. ಪಕ್ಕದ ಕೋಣೆಯಲ್ಲಿ ತನ್ನವರು ಯಾರೋ ಇದ್ದಾರೆ ಅನ್ನಿಸಿ ಅವನಿಗೆ ಹಾಯಾಗಿ ನಿದ್ದೆ ಹತ್ತುತ್ತಿತ್ತು. ಪ್ರೀತಿ ಕೆಲವರಿಗೆ ಕಣ್ಣಿನಿಂದ ಶುರುವಾಗುತ್ತದೆ. ಇವನಿಗೆ ಹೀಗೆ ಶುರುವಾಗಿತ್ತು, ಮತ್ತು ಇವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಗ್ರೂಪಿನಲ್ಲಿ ಅಭಿಪ್ರಾಯಗಳ ಸುರಿಮಳೆಯಾಯಿತು. ಎಲ್ಲರೂ ಮಾವ ಎಂದು ಕರೆಯುವ ನಿವೃತ್ತ ಬಸ್ ಡ್ರೈವರ್, "ಸದ್ದಿಲ್ಲದ ಕೀಬೋರ್ಡಲ್ಲಿ ಆಡೋದೂ ಒಂದೇ, ಹಾರ್ನ್ ಇಲ್ಲದ ಬಸ್ ಓಡಿಸೋದೂ ಒಂದೇ" ಎಂದು ಬರೆದರು. ಬಣ್ಣದ ಲೈಟ್ ಇದ್ದರೆ ಸಾಕು ಎಂದ ಒಬ್ಬ. ಮಲಗಿರೋರ ಕಣ್ಣಿಗೆ ಹೊಡೆಯುತ್ತೆ, ಲೈಟ್ ಬೇಡ ಎಂದ ಇನ್ನೊಬ್ಬ. ಕೊನೆಗೆ ಮಾವನೇ, "ಬನ್ನು ಎಲ್ಲಿ ಸತ್ತ? ಅವನು ಹೇಳಿದ್ಮೇಲೆ ಮುಗೀತು" ಎಂದರು. ಮನೆಯಲ್ಲಿ ಕುರ್ಚಿ ಒಂದೇ ಇದ್ದರೂ ನಾಲ್ಕು ಕೀಬೋರ್ಡ್ ಇಟ್ಟುಕೊಂಡವನ ಮಾತಿಗೆ ಆ ಗ್ರೂಪಿನಲ್ಲಿ ಬೆಲೆಯಿತ್ತು.

ಸದ್ದಿಲ್ಲದವು ಬೇಗ ಕೆಡುತ್ತವೆ ಎಂದೊಂದು ಸುಳ್ಳು ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೀಬೋರ್ಡ್ ವಿಷಯದಲ್ಲಿ ಸುಳ್ಳು ಹೇಳುವುದು ಅವನ ಜಾಯಮಾನವಲ್ಲ. ಆ ಮಧ್ಯಾಹ್ನ ಅವಳಿಗೆ ಕಾಲ್ ಮಾಡಿ ವಿಚಾರಣೆಗೆ ಕೂತ.

"ನಿನ್ನ ಟೇಬಲ್ ಮರದ್ದಾ, ಗಾಜಿನದ್ದಾ?"

"ಮರದ್ದು."

"ಬೆರಳು ಉದ್ದನಾ, ಗಿಡ್ಡನಾ?"

"ನನ್ನ ಬೆರಳು ಕಟ್ಕೊಂಡು ನಿಂಗೇನೋ?"

"ಕೀಬೋರ್ಡಿಗೆ ಬೇಕು."

"ಕೀಬೋರ್ಡಿಗಾ?"

"ಕೀಬೋರ್ಡಿಗೇ."

ಅವಳು ನಕ್ಕಳು. "ಉದ್ದ ಅಂತಲೇ ಬರ್ಕೋ. ಇನ್ನೇನಾದ್ರೂ ಕೇಳೋದಿದೆಯಾ?"

"ಇಲ್ಲ."

"ಏನೂ ಇಲ್ವಾ?"

ಮಲಗುವವರು ಯಾರು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ವೈರು ಎಷ್ಟುದ್ದ ಬೇಕು?"

"ಅಯ್ಯೋ ದೇವರೇ" ಎಂದಳು ಅವಳು, ತೀರಾ ಮೆಲ್ಲಗೆ.

ಗ್ರೂಪಿನಲ್ಲಿ ಅವನು ಉದ್ದದ ಉತ್ತರವನ್ನೇ ಬರೆದ. ಕೀಗಳ ಕೆಳಗಿನ ಸ್ವಿಚ್ಚಿಗೆ ಒಳಗೇ ರಬ್ಬರ್ ಕೊಟ್ಟಿರುವಂಥದ್ದನ್ನು ತಗೋ, ಅಡಿಗೆ ದಪ್ಪನೆ ಬಟ್ಟೆ ಹಾಸು, ಪಕ್ಕದಲ್ಲಿ ಮಲಗಿರುವವರಿಗೆ ಇರುವೆ ಹರಿದಷ್ಟೂ ಗೊತ್ತಾಗುವುದಿಲ್ಲ. ಐದಕ್ಕೆ ಐದು ಸ್ಟಾರ್. ಅಷ್ಟು ಒಳ್ಳೆಯ ಸಲಹೆಯನ್ನು ಅವನು ಜನ್ಮದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಅವಳು ಅದನ್ನೇ ಕೊಂಡಳು.

ಹೊಸ ಕೀಬೋರ್ಡ್ ಬಂದ ಮೇಲೆ ಮಧ್ಯಾಹ್ನಗಳು ಹಾಳು ಸುರಿಯತೊಡಗಿದವು. ಆಟ ಮುಗಿದು ಅವಳು ಕೆಲಸಕ್ಕೆ ಕೂತರೆ ಹೆಡ್‌ಫೋನಿನಲ್ಲಿ ಬರೀ ಖಾಲಿ. ಅವಳು ಕೂತಿದ್ದಾಳೋ ಎದ್ದು ಹೋಗಿದ್ದಾಳೋ ತಿಳಿಯದು. ಕೆಳಗಿನ ಅಂಗಡಿಯ ಇಸ್ತ್ರಿ ಯಂತ್ರ ಉಸ್ಸೆನ್ನುವುದು ಅವನಿಗೆ ಮೊದಲ ಸಲ ಕೇಳಿಸಿತು. ನಿದ್ದೆ ಹತ್ತಿರ ಸುಳಿಯಲಿಲ್ಲ. ಮಗ್ಗುಲು ಬದಲಿಸಿ ಬದಲಿಸಿ ಮಂಚವೇ ಬೇಸತ್ತಿರಬೇಕು.

"ಇದೀಯಾ?" ಎಂದು ಕೇಳುತ್ತಿದ್ದ.

"ಇದೀನಿ."

ಸ್ವಲ್ಪ ಹೊತ್ತಿಗೆ ಮತ್ತೆ, "ಇದೀಯಾ?"

ಒಂದು ವಾರ ತಡೆದುಕೊಂಡವಳು ಒಂದು ದಿನ ಸಿಡುಕಿದಳು. "ಏನೋ ನಿಂದು? ಹಾಜರಿ ತಗೋತಿದೀಯಾ?"

"ನಿನ್ನ ಸದ್ದೇ ಕೇಳಿಸ್ತಿಲ್ಲ."

"ನೀನೇ ತಾನೇ ಐದು ಸ್ಟಾರ್ ಕೊಟ್ಟಿದ್ದು?"

"ಕೀಬೋರ್ಡ್ ಚೆನ್ನಾಗೇ ಇದೆ. ನಾನೇ ಚೆನ್ನಾಗಿಲ್ಲ."

ಇನ್ನು ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. "ಇಲ್ಲಿ ನಂಗೆ ಅಂತ ಯಾರೂ ಇಲ್ಲ. ನೀನು ಟೈಪ್ ಮಾಡೋದು ಕೇಳ್ತಾ ಮಲಗ್ತಿದ್ದೆ. ಬರೀ ಸದ್ದೇ ಬೇಕಾಗಿದ್ರೆ ಫ್ಯಾನ್ ಹಾಕ್ಕೊಂಡು ಮಲಗಬಹುದಿತ್ತು. ನಂಗೆ ನೀನು ಬೇಕಿತ್ತು ಕಣೇ. ಈಗ ಹೇಳಿ ಏನುಪಯೋಗ? ನಿನ್ನ ಗಂಡ ಅಲ್ಲೇ ಮಲಗಿರ್ತಾನೆ."

"ಯಾರು ಮಲಗಿರ್ತಾರೆ?"

"ಗಂಡ. ನೀನೇ ಬರೆದಿದ್ದೆ, ಇನ್ನೊಬ್ಬರು ಅಂತ."

"ನಮ್ಮಕ್ಕ ಕಣೋ ಅದು." ಅವಳ ದನಿ ಏರಿತು. "ಆಸ್ಪತ್ರೇಲಿ ನೈಟ್ ಡ್ಯೂಟಿ ಅವಳಿಗೆ, ಹಗಲು ಮಲಗ್ತಾಳೆ. ಹೋದ ತಿಂಗಳು ಗಂಡನ್ನ ಬಿಟ್ಟು ನನ್ನ ಹತ್ರ ಬಂದಿದಾಳೆ. ಟೇಬಲ್ ಮರದ್ದಾ ಅಂತ ಕೇಳಿದೆ. ಬೆರಳು ಉದ್ದನಾ ಅಂತ ಕೇಳಿದೆ. ಯಾರು ಮಲಗೋದು ಅಂತ ಒಂದೇ ಒಂದು ಮಾತು ಕೇಳೋಕೆ ನಿಂಗೇನಾಗಿತ್ತು? ನೀನು ಕೇಳಲಿ ಅಂತಲೇ ಅಲ್ವಾ ನಾನು ಹಾಗೆ ಬರೆದಿದ್ದು? ಬಾಯಿಬಿಟ್ಟು ಕೇಳ್ತೀಯೇನೋ ಅಂತ ಕಾದಿದ್ದೇ ಬಂತು. ನಿಂಗೆ ವೈರಿನ ಚಿಂತೆ."

ಬನ್ನುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಕೂತ.

ಅಷ್ಟರಲ್ಲಿ ಆ ಕಡೆಯಿಂದ ನಿದ್ದೆಗಣ್ಣಿನ ಹೆಂಗಸಿನ ದನಿಯೊಂದು ಬಂತು. "ಮಟಮಟ ಮಧ್ಯಾಹ್ನ ಯಾರ ಜೊತೆಗೇ ಜಗಳ? ಆಟದವರಾ?"

"ಅಲ್ಲಕ್ಕ." ಅವಳು ಮೈಕಿನಿಂದ ಮುಖ ತಿರುಗಿಸಿರಬೇಕು, ಮಾತು ದೂರದಿಂದ ಬಂತು. "ಸೋಮವಾರ ಮನೆಗೆ ಬರ್ತಾರೆ. ಆಗ ನೀನೇ ನೋಡುವೆಯಂತೆ. ಈಗ ಮಲ್ಕೋ."

ಬರ್ತೀಯಾ ಎಂದು ಅವಳು ಅವನನ್ನು ಕೇಳಿರಲಿಲ್ಲ. ಕೇಳುವಂತೆಯೂ ಕಾಣಲಿಲ್ಲ. ಬೇಕರಿಗೆ ರಜೆ ಇರುವುದು ಸೋಮವಾರ. ರಜೆಯ ದಿನ ತನಗೆ ಹೋಗುವುದಕ್ಕೆ ಯಾರ ಮನೆಯೂ ಇಲ್ಲ ಎಂದು ಅವನು ಯಾವಾಗಲೋ ಒಮ್ಮೆ, ಆಡುತ್ತಾ ಆಡುತ್ತಾ, ಮಾತಿಗೆ ಹೇಳಿದ್ದ. ಅವಳು ಅದನ್ನು ಮರೆತಿರಲಿಲ್ಲ.