ರಾಣಿಯ ಕಿಟಕಿ ಮತ್ತು ಕನ್ನಡಿಯಿಲ್ಲದ ಕ್ಯಾಮೆರಾ

ಬೆಟ್ಟಗಳಿಗಿನ್ನೂ ಹೆಸರಿಡದ ಕಾಲದಲ್ಲಿ ಹೊಂಬೆಳಗು ಎಂಬ ರಾಜ್ಯವಿತ್ತು. ಅಲ್ಲಿನ ರಾಣಿಗೆ ಕಾಲು ಸ್ವಾಧೀನ ತಪ್ಪಿತ್ತು. ಕಿಟಕಿಯಲ್ಲಿ ಕಾಣುವಷ್ಟೇ ಅವಳ ಲೋಕ. ಮಗಳು ನಾಗಲೆ ಅಂಗೈಯಗಲದ ಕ್ಯಾಮೆರಾ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವೂ ಹೊರಡುವಳು. ಕಂಡ ಕೆರೆ, ದಿಣ್ಣೆ, ಮೋಡಗಳನ್ನೆಲ್ಲ ತಾಯಿಗೆ ತಂದು ತೋರಿಸುವಳು. ಅರಮನೆಗೂ ಒಂದು ಕ್ಯಾಮೆರಾ ಇತ್ತೆನ್ನಿ. ನಾಲ್ಕಾಳು ಹೊರಬೇಕು, ಒಳಗೊಂದು ಕನ್ನಡಿ ಬೇರೆ. ಅದು ದಸರೆಗೊಮ್ಮೆ ಹೊರಬಂದರೆ ಹೆಚ್ಚು.

ಒಂದು ಬೆಳಗ್ಗೆ ನೋಡಿದರೆ ಬೆಟ್ಟವಿಲ್ಲ, ಕೆರೆಯಿಲ್ಲ, ದಾರಿಯೂ ಇಲ್ಲ! ಮಾಂತ್ರಿಕ ಬಿಂಬಾಸುರ ಮೂರನ್ನೂ ತನ್ನ ಮಾಯಾಗನ್ನಡಿಯೊಳಗೆ ಎಳೆದುಕೊಂಡಿದ್ದ. ರಾಣಿ ಗೋಡೆಯ ಕಡೆ ಹೊರಳಿ ಊಟ ಬಿಟ್ಟಳು.

"ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಬಿಡುತ್ತೇನೆ" ಎಂದ ಮಾಂತ್ರಿಕ.

ಆಸ್ಥಾನದ ಚಿತ್ರಗಾರರು ಓಡಿದರು. ಅರಮನೆಯವರನ್ನು ಮೆಚ್ಚಿಸಲು ಬೆಟ್ಟಕ್ಕೆ ಚಿನ್ನದ ಶಿಖರ, ಕೆರೆಗೆ ಹಂಸ ಬರೆದವರು ಅವರು. ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. ಆಮೇಲೆ ದೊಡ್ಡ ಕ್ಯಾಮೆರಾ ಹೋಯಿತು. ಕನ್ನಡಿಯಿದ್ದಲ್ಲೆಲ್ಲ ಅವನು ನುಸುಳಬಲ್ಲ. ಒಳಹೊಕ್ಕು ಚಿತ್ರಗಳನ್ನೆಲ್ಲ ತಿಂದು ತೇಗಿದ.

ಕೊನೆಗೆ ನಾಗಲೆ ಹೋದಳು. ಮಾಂತ್ರಿಕ ಅವಳ ಕ್ಯಾಮೆರಾವನ್ನು ಸುತ್ತಿ ಸುತ್ತಿ ನೋಡಿದ. ಕನ್ನಡಿಯೇ ಇಲ್ಲ, ನುಗ್ಗುವುದೆಲ್ಲಿ?

"ಬೆಟ್ಟ ಹೇಗಿತ್ತು?"

ನಾಗಲೆ ಆಡು ಮೇಯುವ ಬೋಳು ಬೆಟ್ಟ ತೋರಿಸಿದಳು. ಬೆಟ್ಟ ಹೊರಬಂತು.

"ಕೆರೆ ಹೇಗಿತ್ತು?"

ಎಮ್ಮೆ ಮಲಗಿದ ರಾಡಿ ಕೆರೆ ತೋರಿಸಿದಳು. ಕೆರೆ ಹೊರಬಂತು.

"ನಿನ್ನ ತಾಯಿ ನೋಡುತ್ತಿದ್ದ ದಾರಿ ಹೇಗಿತ್ತು?"

ಊರೆಲ್ಲ ಸುತ್ತಿದ ನಾಗಲೆ ತಾಯಿಯ ದಿಂಬಿನ ಪಕ್ಕ ಕೂತು ಒಮ್ಮೆಯೂ ಹೊರಗೆ ನೋಡಿರಲಿಲ್ಲ. ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಅರೆ, ಇದು ತಾನು ತೆಗೆದದ್ದಲ್ಲ! ಸೊಟ್ಟಗಿತ್ತು, ಅರ್ಧಕ್ಕರ್ಧ ಕಿಟಕಿಯ ಸರಳೇ ತುಂಬಿತ್ತು. ಆಚೆ ದಾರಿ. ದಾರಿಯಲ್ಲಿ ಎಳ್ಳಿನಷ್ಟು ಚಿಕ್ಕದಾಗಿ, ಮನೆಗೆ ಬರುತ್ತಿರುವ ನಾಗಲೆ.

ಅದನ್ನು ತೋರಿಸಿದ್ದೇ ಮಾಯಾಗನ್ನಡಿ ಪುಡಿಪುಡಿಯಾಯಿತು, ದಾರಿ ಹೊರಬಂತು. ಮಂತ್ರವೆಲ್ಲ ಕಳೆದುಕೊಂಡ ಬಿಂಬಾಸುರ ಕುಸಿದು ಕೂತ. "ನನ್ನ ದಾರಿಯನ್ನು ಯಾರೂ ಹೀಗೆ ಕಾಯಲಿಲ್ಲ" ಎಂದು ಅತ್ತ.

ನಾಗಲೆಗೆ ಅಯ್ಯೋ ಅನ್ನಿಸಿತು. "ಏಳಪ್ಪ, ನಮ್ಮನೆಗೆ ಊಟಕ್ಕೆ ಬಾ" ಎಂದಳು.

ಮನೆಗೆ ಬಂದವಳೇ ಕೇಳಿದಳು, "ಅವ್ವಾ, ಇದನ್ನ ಯಾವಾಗ ತೆಗೆದೆ?"

"ನೀನು ಕ್ಯಾಮೆರಾ ಮರೆತು ಹೋಗಿದ್ದೆಯಲ್ಲ, ಅವತ್ತು. ದಿನಾ ನಂಗೆ ಊರೆಲ್ಲ ತೋರಿಸ್ತೀಯ. ನಾನು ನೋಡೋದು ಏನು ಅಂತ ನಿಂಗೂ ತೋರಿಸೋಣ ಅನ್ನಿಸ್ತು ಮಗಳೇ."

ಅಂದು ರಾಣಿ ಹೊಟ್ಟೆತುಂಬ ಉಂಡಳು, ಮಾಂತ್ರಿಕನೂ ಉಂಡ. ಊರಿಗೆ ಊರೇ ಸುಖವಾಗಿತ್ತು. ಆಮೇಲೆ ನಾಗಲೆ ದಿನದ ಮೊದಲ ಚಿತ್ರವನ್ನು ತಾಯಿಯ ದಿಂಬಿನ ಪಕ್ಕ ಕೂತೇ ತೆಗೆಯುತ್ತಿದ್ದಳು.