ಸೇವಂತಿ ಈಜು ಕಲಿತ ವರ್ಷ

"ಬಿಡ್ಬೇಡಿ ಟೀಚರ್! ಬಿಡ್ಬೇಡಿ, ಬಿಡ್ಬೇಡಿ!"

ಸೇವಂತಿ ಕೂಗಿದ ಕೂಗಿಗೆ ಹೊಳೆಯ ಆಚೆ ಬದಿಯಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆ ತಲೆ ಎತ್ತಿ ನೋಡಿತು.

"ನಾನು ಬಿಡ್ಲೇ ಇಲ್ಲ ಮಾರಾಯ್ತಿ. ನನ್ನ ಕೈ ನಿನ್ನ ಹೊಟ್ಟೆಯ ಅಡಿಯಲ್ಲೇ ಉಂಟು," ಎಂದರು ವಾರಿಜಾಕ್ಷಿ ಟೀಚರ್. "ನೀನು ಮೊದಲು ನನ್ನ ಸೆರಗು ಬಿಡು. ಹರಿದುಹೋಗ್ತದೆ."

ಟೀಚರ್ ಸೀರೆಗೆ ಕಚ್ಚೆ ಹಾಕಿ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಅವರ ಅಂಗೈ ಮೇಲೆ ಸೇವಂತಿ ಹಲಗೆಯ ಹಾಗೆ ಮಲಗಬೇಕಿತ್ತು. ಹಲಗೆಯ ಹಾಗೆ ಎಲ್ಲಿಂದ ಬಂತು! ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿದ್ದಳು. ಮೂಗಿಗೂ ನೀರು, ಕಿವಿಗೂ ನೀರು. ದಡದ ಬಂಡೆಯ ಮೇಲೆ ಕೂತಿದ್ದ ಗೆಳತಿ ಕುಮುದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಸೇವಂತಿ ಹೇಗೋ ಕಾಲೂರಿ ಎದ್ದು ನಿಂತು ಕೆಮ್ಮಿದಳು. ಮೊದಲು ಚಡ್ಡಿಯನ್ನು ಮೇಲಕ್ಕೆ ಎಳೆದುಕೊಂಡಳು. ಅದು ದೊಡ್ಡಪ್ಪನ ಮಗ ಜತ್ತಪ್ಪನ ಹಳೆಯ ಚಡ್ಡಿ. ಜಾರದ ಹಾಗೆ ಅವ್ವ ಸೊಂಟಕ್ಕೆ ಬಾಳೆನಾರು ಬಿಗಿದಿದ್ದಳು.

"ನನಗೆ ಬರುದಿಲ್ಲ ಟೀಚರ್."

"ಇವತ್ತು ಬರುದಿಲ್ಲ. ಸರಿ, ಮುಖ ಮುಳುಗಿಸಿ ಗುಳುಗುಳು ಮಾಡು. ಅದು ಬರ್ತದಲ್ಲ?"

ಅದು ಬರುತ್ತಿತ್ತು. ಸೇವಂತಿ ಮುಖ ಮುಳುಗಿಸಿ ಉಸಿರು ಬಿಟ್ಟಳು. ಗುಳುಗುಳು ಎಂದು ಗುಳ್ಳೆಗಳು ಎದ್ದವು.

ಘಟ್ಟದ ಬುಡದ ಹಳ್ಳಿ ಕೊಲ್ಲಮೊಗ್ರಿನ ಈ ಹೊಳೆ ಬೇಸಿಗೆಯಲ್ಲಿ ಸಾಧು. ಸುಗ್ಗಿಯ ಗದ್ದೆಗೆ ನೀರು ತಿರುಗಿಸಲು ಊರಿನವರು ಕಲ್ಲು, ಸೊಪ್ಪು, ಮಣ್ಣು ಹಾಕಿ ಅಡ್ಡಲಾಗಿ ಒಂದು ಕಟ್ಟ ಕಟ್ಟುತ್ತಿದ್ದರು. ಕಟ್ಟದ ಹಿಂದೆ ನೀರು ತುಂಬಿ ಕೆರೆಯಂತೆ ನಿಲ್ಲುತ್ತಿತ್ತು. ಗಂಡುಹುಡುಗರೆಲ್ಲ ಈಜು ಕಲಿಯುತ್ತಿದ್ದದ್ದು ಅಲ್ಲಿಯೇ. ಹುಡುಗಿಯರು ಬಟ್ಟೆ ಒಗೆದು ಮನೆಗೆ ಹೋಗುತ್ತಿದ್ದರು.

ಆದರೆ ಮಳೆಗಾಲದಲ್ಲಿ ಅದೇ ಹೊಳೆ ಬೇರೆಯೇ. ಘಟ್ಟದ ಮೇಲೆ ಮಳೆ ಹೊಯ್ದರೆ ಸಾಕು, ಕೆಂಪು ನೀರು ಕಲ್ಲುಬಂಡೆಗಳನ್ನು ಉರುಳಿಸಿಕೊಂಡು ಬರುತ್ತಿತ್ತು. ಶಾಲೆ ಹೊಳೆಯ ಆಚೆ. ದಾಟಲು ಇದ್ದದ್ದು ಒಂದು ಸಂಕ, ಎರಡು ಮರದ ಕಾಂಡಗಳನ್ನು ಜೋಡಿಸಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ ಕಾಲುಸೇತುವೆ.

ಹಿಂದಿನ ಮಳೆಗಾಲದಲ್ಲಿ ಸೇವಂತಿ ಆ ಸಂಕದಿಂದ ಜಾರಿ ಬಿದ್ದಿದ್ದಳು. ನೀರು ಅವಳನ್ನು ಹೊತ್ತುಕೊಂಡೇ ಹೋಗಿತ್ತು. ಕೆಳಗಡೆ ಬಾಗಿದ್ದ ಮರದ ಬೇರಿಗೆ ಅವಳ ಲಂಗ ಸಿಕ್ಕಿಕೊಂಡಿತು. ಹಿಂದೆಯೇ ಬರುತ್ತಿದ್ದ ಜತ್ತಪ್ಪ ಜುಟ್ಟು ಹಿಡಿದು ಮೇಲಕ್ಕೆಳೆದ. ಮಳೆಗೆ ತಲೆ-ಬೆನ್ನು ಮುಚ್ಚುವ ಓಲೆಯ ಗೊರಬೆ ಹಿಡಿದುಕೊಂಡು ಮಗಳನ್ನು ಕರೆದೊಯ್ಯಲು ಬಂದಿದ್ದ ಅವ್ವ ಎಲ್ಲವನ್ನೂ ದಡದಿಂದ ನೋಡಿದ್ದಳು.

ಆವತ್ತಿನಿಂದ ಅವ್ವನದು ಒಂದೇ ಮಾತು: "ಮಳೆಗಾಲದಲ್ಲಿ ಇವಳು ಶಾಲೆಗೆ ಹೋಗುದು ಬೇಡ."

ಹಾಗೆ ಮೂರು ತಿಂಗಳ ಪಾಠ ತಪ್ಪಿತು. ದೀಪಾವಳಿ ಹೊತ್ತಿಗೆ ಶಾಲೆಗೆ ಮರಳಿದಾಗ ಬೋರ್ಡಿನ ಮೇಲಿನ ಭಿನ್ನರಾಶಿ ಲೆಕ್ಕ ನೋಡಿ ಸೇವಂತಿಗೆ ಅಳು ಬಂತು. ಬೇರೆ ಮಕ್ಕಳಿಗೆಲ್ಲ ಅದು ಗೊತ್ತಿತ್ತು.

ಆ ವರ್ಷವೇ ಶಾಲೆಗೆ ಹೊಸತಾಗಿ ಬಂದವರು ವಾರಿಜಾಕ್ಷಿ ಟೀಚರ್. ಅವರದು ಮಂಗಳೂರಿನ ಕಡೆ, ನೇತ್ರಾವತಿಯ ದಡದ ಊರು. ಸೇವಂತಿ ಮಳೆಗಾಲವಿಡೀ ಬರಲಿಲ್ಲ ಯಾಕೆ ಎಂದು ತಿಳಿದ ಮೇಲೆ ಒಂದು ಸಂಜೆ ಅವರೇ ಮನೆಗೆ ಬಂದರು.

"ಹೆಣ್ಣುಮಕ್ಕಳಿಗೆ ಈಜು ಎಂತಕ್ಕೆ ಟೀಚರೇ?" ಎಂದಳು ಅವ್ವ.

"ಬಿದ್ದದ್ದು ಹುಡುಗನಾ ಹುಡುಗಿಯಾ ಅಂತ ಹೊಳೆ ಕೇಳುದಿಲ್ಲ ಅಲ್ವಾ ಅಕ್ಕ?"

ಅಪ್ಪ ಮೇದಪ್ಪ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. "ಟೀಚರ್ ಹೇಳುದರಲ್ಲಿ ತಪ್ಪು ಕಾಣುದಿಲ್ಲ," ಎಂದ ನಿಧಾನವಾಗಿ.

"ನಾನೂ ಬರ್ತೇನೆ," ಎಂದಳು ಅವ್ವ. "ನಾನು ಇಲ್ಲದೆ ಇವಳು ನೀರಿಗೆ ಇಳಿಯುದು ಬೇಡ."

ಹಾಗಾಗಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸೇವಂತಿ, ಕುಮುದಿನಿ ಮತ್ತು ಟೀಚರ್ ನೀರಿನಲ್ಲಿ. ಅವ್ವ ದಡದ ಮೇಲೆ, ತೊಡೆಯ ಮೇಲೆ ಒಂದು ಉದ್ದದ ಬಿದಿರು ಕೋಲು ಇಟ್ಟುಕೊಂಡು.

ಕುಮುದಿನಿ ಬೇಗ ಕಲಿತಳು. ಬಾಳೆದಿಂಡು ಹಿಡಿದು ಕಾಲು ಬಡಿಯುತ್ತ ಬಡಿಯುತ್ತ ಒಂದು ದಿನ ದಿಂಡನ್ನೇ ಬಿಟ್ಟು ಮುಂದೆ ಹೋದಳು. ಸೇವಂತಿಗೆ ಮಾತ್ರ ನೆಲದಿಂದ ಕಾಲು ಎತ್ತಿದ ಕೂಡಲೇ ಕೆಂಪು ನೀರು ಕಣ್ಣಿಗೆ ಕಟ್ಟುತ್ತಿತ್ತು, ಜುಟ್ಟು ಎಳೆದಂತೆ ಆಗುತ್ತಿತ್ತು.

"ಟೀಚರ್, ನೀವು ನನಗೆ ಗೊತ್ತಾಗದ ಹಾಗೆ ಕೈ ತೆಗೀತೀರಿ ಅಲ್ವಾ? ಜತ್ತಪ್ಪಣ್ಣ ಹೇಳಿದ. ಅವನಿಗೆ ಹಾಗೆಯೇ ಕಲಿಸಿದ್ದಂತೆ. ಎತ್ತಿ ಹೊಳೆಯ ಗುಂಡಿಗೆ ಬಿಸಾಡಿದ್ದಂತೆ."

ಟೀಚರ್ ಅವಳ ಮುಖ ನೋಡಿದರು. "ನಾನು ಬಿಸಾಡುದಿಲ್ಲ. ಕೇಳದೆ ಕೈಯೂ ತೆಗಿಯುದಿಲ್ಲ. ನೀನು 'ಬಿಡಿ' ಅಂದ ಮೇಲೆಯೇ ಬಿಡುದು."

"ನಾನು ಹೇಳದೇ ಇದ್ದರೆ?"

"ಹೇಳದೇ ಇದ್ದರೆ ಬಿಡುದಿಲ್ಲ. ನನಗೆಂತ, ನೀರು ತಣ್ಣಗುಂಟು."

ಎಷ್ಟೋ ಶನಿವಾರಗಳು ಹಾಗೆಯೇ ಕಳೆದವು. ಟೀಚರ್ ಅವಸರ ಮಾಡಲಿಲ್ಲ. ಗದ್ದೆಯ ಪೈರು ಹಳದಿಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ, ಅಂಗೈ ಮೇಲೆ ಮಲಗಿ ಕಾಲು ಬಡಿಯುತ್ತಿದ್ದ ಸೇವಂತಿಗೆ ತನ್ನ ಮೈ ಹಗುರವಾದಂತೆ ಅನಿಸಿತು. ಟೀಚರ ಕೈ ಅಲ್ಲಿ ಇತ್ತು. ಆದರೆ ಅದು ತನ್ನನ್ನು ಎತ್ತಿ ಹಿಡಿದಿರಲಿಲ್ಲ.

"ಬಿಡಿ," ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ಟೀಚರಿಗೆ ಕೇಳಿಸಿತು. ಕೈ ಸರಿಯಿತು. ಸೇವಂತಿ ಮುಳುಗಲಿಲ್ಲ. ನಾಲ್ಕಾರು ಸಲ ಕೈ ಬೀಸಿದಾಗ ಕುಮುದಿನಿ ಕೂತ ಬಂಡೆ ಕೈಗೆ ತಾಗಿತು. ತಿರುಗಿ ನೋಡಿದರೆ ಟೀಚರ್ ಇದ್ದಲ್ಲಿಯೇ ನಿಂತು ನಗುತ್ತಿದ್ದರು. ದಡದಲ್ಲಿ ಅವ್ವ ಎದ್ದು ನಿಂತಿದ್ದಳು, ಎರಡೂ ಕೈಯಲ್ಲಿ ಕೋಲು ಹಿಡಿದುಕೊಂಡು.

ರಜೆ ಶುರುವಾಗುವ ಮೊದಲು ಟೀಚರ್ ಅವರಿಬ್ಬರನ್ನು ಕಟ್ಟದಿಂದ ಮೇಲಕ್ಕೆ, ಎರಡು ಬಂಡೆಗಳ ನಡುವೆ ನೀರು ಹಾರಿ ಬರುವಲ್ಲಿಗೆ ಕರೆದೊಯ್ದರು. ಸೇವಂತಿಯ ಕೈ ಹಿಡಿದು ಅಲ್ಲಿ ನಿಲ್ಲಿಸಿದರು. ನೀರು ಮೊಣಕಾಲಿಗೂ ಇರಲಿಲ್ಲ. ಆದರೂ ಕಾಲು ನಿಲ್ಲಲಿಲ್ಲ, ಅಡಿಯ ಮರಳೇ ಜಾರಿಹೋಯಿತು.

"ನೋಡಿದೆಯಾ? ನಿಂತ ನೀರಲ್ಲಿ ಈಜುದು ಬೇರೆ. ಇದು ಬೇರೆ. ಎಲ್ಲಿ ಇಳೀಬಾರದು ಅಂತ ಗೊತ್ತಿದ್ದರೆ ಮಾತ್ರ ನಿನಗೆ ಈಜು ಬಂತು ಅಂತ ಲೆಕ್ಕ."

ಸೇವಂತಿ "ಹೂಂ" ಎಂದಳು. ಅವಳ ಮನಸ್ಸು ಆಗಲೇ ಕೆಳಗೆ ಕಟ್ಟದ ಹಿಂದಿನ ಗುಂಡಿಯಲ್ಲಿತ್ತು.

ರಜೆಯಲ್ಲಿ ಅವಳಿಗೆ ಈಜುವುದೇ ಕೆಲಸವಾಯಿತು. ಗಂಜಿ ಎರಡು ಬಟ್ಟಲು ಇಳಿಯತೊಡಗಿತು. ಒಂದು ದಿನ ಜತ್ತಪ್ಪನ ಜೊತೆ ಪಂದ್ಯ ಕಟ್ಟಿ, ಕಟ್ಟದಿಂದ ಆಚೆ ಬಂಡೆಯವರೆಗೆ ಈಜಿ ಮೊದಲು ಮುಟ್ಟಿದಳು.

"ಕಾಲಿಗೆ ಪಾಚಿ ಸಿಕ್ಕಿತು," ಎಂದ ಜತ್ತಪ್ಪ.

"ಪಾಚಿ ನನಗೂ ಇತ್ತು!" ಎಂದಳು ಸೇವಂತಿ. "ಇನ್ನು ನನಗೆ ಹೊಳೆಯ ಹೆದರಿಕೆಯೇ ಇಲ್ಲ."

ಅವ್ವ ಅದನ್ನು ಕೇಳಿಸಿಕೊಂಡಳು. ಜೂನಿನಲ್ಲಿ ಶಾಲೆ ತೆರೆದಾಗ, "ಜತ್ತಪ್ಪನ ಒಟ್ಟಿಗೇ ಹೋಗು, ಒಟ್ಟಿಗೇ ಬಾ," ಎಂದಷ್ಟೇ ಹೇಳಿ ಕಳಿಸಿದಳು.

ಮಳೆ ಹಿಡಿದು ಕೆಲವು ದಿನ ಆಗಿತ್ತು. ಒಂದು ಮಧ್ಯಾಹ್ನ ಘಟ್ಟದ ಕಡೆ ಕಪ್ಪಾಯಿತು. ಹೆಡ್ಮಾಸ್ಟರು ಶಾಲೆಯನ್ನು ಬೇಗ ಬಿಟ್ಟರು. ಸೇವಂತಿ, ಕುಮುದಿನಿ, ಜತ್ತಪ್ಪ ಮೂವರೂ ಓಡೋಡಿ ಹೊಳೆಗೆ ಬಂದಾಗ ನೀರು ಅದಾಗಲೇ ಸಂಕದ ಮಟ್ಟಕ್ಕೆ ಬಂದಿತ್ತು. ಆಗಾಗ ಒಂದೊಂದು ಅಲೆ ಕಾಂಡಗಳ ಮೇಲೇ ಹಾದು ಹೋಗುತ್ತಿತ್ತು.

"ಬೇಗ ದಾಟುವ," ಎಂದ ಜತ್ತಪ್ಪ. "ಇನ್ನೂ ಏರ್ತದೆ ಇದು."

ಕುಮುದಿನಿ ಸೇವಂತಿಯ ಕೈ ಹಿಡಿದಳು. "ಎಂತ ಮಾಡುದು?"

"ಎಂತ ಮಾಡುದು ಅಂದರೆ? ನೀವು ಈಗ ದೊಡ್ಡ ಈಜುಗಾರ್ತಿಯರು ಅಲ್ವಾ?" ಜತ್ತಪ್ಪ ನಕ್ಕ. "ಪಂದ್ಯದ ದಿನ ಭಾರೀ ಮಾತಾಡ್ತಿದ್ದೆ. ಹೆದರಿಕೆಯೇ ಇಲ್ಲ ಅಂತ."

ಸೇವಂತಿಯ ಕೆನ್ನೆ ಬಿಸಿಯಾಯಿತು. ಒಂದು ಕಾಲನ್ನು ಸಂಕದ ಮೇಲೆ ಇಟ್ಟಳು. ಮರ ಅಡಿಯಿಂದ ನಡುಗುತ್ತಿತ್ತು, ಹಸುವಿನ ಚರ್ಮ ನೊಣಕ್ಕೆ ನಡುಗುವ ಹಾಗೆ.

ಆಚೆ ದಡದಲ್ಲಿ ಅವ್ವ ಕಾಣಿಸಿದಳು. ಗೊರಬೆ ಹಾಕಿಕೊಂಡು ಓಡಿ ಬಂದಿದ್ದಳು. ಬಾಯಿ ತೆರೆದು ಏನೋ ಕೂಗುತ್ತಿದ್ದಳು, ಕೈ ಬೀಸುತ್ತಿದ್ದಳು. ಹೊಳೆಯ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಲಿಲ್ಲ. ಬಾ ಅನ್ನುತ್ತಿದ್ದಾಳೋ, ಬರಬೇಡ ಅನ್ನುತ್ತಿದ್ದಾಳೋ?

ಹೇಳುವವರು ಯಾರೂ ಇರಲಿಲ್ಲ. ಸೇವಂತಿ ನೀರನ್ನೇ ನೋಡಿದಳು.

ಹಲಸಿನ ಮರದ ಒಂದು ದೊಡ್ಡ ಗೆಲ್ಲು ತೇಲಿ ಬಂತು, ಎಲೆ ಕಾಯಿ ಸಮೇತ. ಸಂಕದ ಅಡಿಯಲ್ಲಿ ಸುಳಿಗೆ ಸಿಕ್ಕಿ ಒಮ್ಮೆ ತಿರುಗಿತು, ಮುಳುಗಿತು. ಅದು ಮೇಲೆ ಬರುವುದನ್ನು ಸೇವಂತಿ ಕಾದಳು. ಬಹಳ ಹೊತ್ತಿನ ಮೇಲೆ, ತಿರುವಿನ ಹತ್ತಿರ ಒಂದು ತುಂಡು ಮಾತ್ರ ಕಂಡಿತು.

ಈ ನೀರಿನಲ್ಲಿ ತನ್ನ ಕೈಕಾಲು ಯಾವ ಕೆಲಸಕ್ಕೂ ಬಾರದು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಹೋದ ವರ್ಷ ಅವಳಿಗೆ ಇದು ಗೊತ್ತಿರಲಿಲ್ಲ. ಹೋದ ವರ್ಷ ಅವಳು ಕಣ್ಣು ಮುಚ್ಚಿಕೊಂಡು ದಾಟಲು ಹೊರಟಿದ್ದಳು.

ಅವಳು ಕಾಲನ್ನು ಹಿಂದಕ್ಕೆ ತೆಗೆದಳು.

"ನಾನು ಬರುದಿಲ್ಲ."

"ಹೆದರಿಕೆಯಾ?"

"ಹೌದು."

ಜತ್ತಪ್ಪನಿಗೆ ಆ ಉತ್ತರ ಸಿಗುತ್ತದೆಂದು ಗೊತ್ತಿರಲಿಲ್ಲ. "ಹಾಗಾದ್ರೆ ನಾನೊಬ್ಬ ಹೋಗ್ತೇನೆ," ಎಂದ.

ಸೇವಂತಿ ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದಳು. "ನೀನು ಬಿದ್ದರೆ ಹಿಡಿಯಲಿಕ್ಕೆ ನನಗೆ ಆಗುದಿಲ್ಲ ಜತ್ತಪ್ಪಣ್ಣ. ಸತ್ಯ ಹೇಳ್ತಿದ್ದೇನೆ. ಹೋಗ್ಬೇಡ."

ಜತ್ತಪ್ಪ ಅಂಗಿ ಬಿಡಿಸಿಕೊಳ್ಳಲು ನೋಡಿದ. ಆಮೇಲೆ ನೀರನ್ನು ನೋಡಿದ. ಹಿಂದಕ್ಕೆ ಸರಿದು ನಿಂತ.

ಸೇವಂತಿ ಆಚೆ ದಡಕ್ಕೆ ಕಾಣುವ ಹಾಗೆ ಕೈ ಎತ್ತಿ, ಶಾಲೆಯ ಬದಿಯ ಗುಡ್ಡದ ಮೇಲಿದ್ದ, ಪರಿಚಯದ ಕುಕ್ಕಪ್ಪಜ್ಜನ ಮನೆಯನ್ನು ತೋರಿಸಿದಳು. ಅಲ್ಲಿ ಇರುತ್ತೇವೆ ಎಂದು ಕೈಸನ್ನೆ ಮಾಡಿದಳು. ಅವ್ವ ಕೂಗುವುದನ್ನು ನಿಲ್ಲಿಸಿದಳು. ಮಳೆಯಲ್ಲಿ, ಕೆಸರಿನಲ್ಲಿ, ಹಾಗೆಯೇ ಕೂತುಬಿಟ್ಟಳು. ಮೂವರೂ ಗುಡ್ಡ ಹತ್ತಿ ಕುಕ್ಕಪ್ಪಜ್ಜನ ಅಂಗಳ ಮುಟ್ಟುವವರೆಗೂ ಆ ಗೊರಬೆ ಅಲ್ಲಿಂದ ಅಲುಗಲಿಲ್ಲ.

ಕುಕ್ಕಪ್ಪಜ್ಜ ಒಲೆಯ ಬಳಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟ, ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಟ್ಟ. ಸಂಜೆ ಹೊತ್ತಿಗೆ ಮಳೆ ನಿಂತಿತು. ಘಟ್ಟದ ಹೊಳೆ ಏರಿದಷ್ಟೇ ಬೇಗ ಇಳಿಯಿತು. ಅಪ್ಪ ಹಗ್ಗ ಹಿಡಿದುಕೊಂಡು ಸಂಕ ದಾಟಿ ಬಂದು ಮೂವರನ್ನೂ ಕರೆದೊಯ್ದ.

ಸಂಕಕ್ಕೆ ಏನೂ ಆಗಿರಲಿಲ್ಲ. ಬಿದಿರು ಕೂಡ ಕಟ್ಟಿದ ಹಾಗೆಯೇ ಇತ್ತು.

"ನೋಡು, ಆಗಲೇ ದಾಟಬಹುದಿತ್ತು," ಎಂದ ಜತ್ತಪ್ಪ.

ದಾಟಬಹುದಿತ್ತೇನೋ. ಸೇವಂತಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಅವ್ವ ಅವಳನ್ನು ಬಚ್ಚಲ ಒಲೆಯ ಮುಂದೆ ಕೂರಿಸಿ ಬೈರಾಸಿನಿಂದ ತಲೆ ಒರೆಸಿದಳು. ಬೈಯಲಿಲ್ಲ. ಹೊಗಳಲೂ ಇಲ್ಲ. ಕೂದಲು ಕಿತ್ತು ಬರುವಷ್ಟು ಜೋರಾಗಿ ಒರೆಸಿದಳು, ಅಷ್ಟೇ.

"ಅವ್ವ, ಆಗ ನೀನು ಎಂತ ಕೂಗ್ತಿದ್ದೆ? ಬಾ ಅಂತಲಾ, ಬೇಡ ಅಂತಲಾ?"

ಅವ್ವನ ಕೈ ನಿಧಾನವಾಯಿತು.

"ನನಗೂ ಗೊತ್ತಿಲ್ಲ ಮಗಾ. ನಿನ್ನ ಹೆಸರು ಕೂಗ್ತಿದ್ದೆ." ಬೈರಾಸು ಹಿಂಡಿ ಹೇಳಿದಳು, "ಹೋದ ವರ್ಷ ಕೂಡ ಅಷ್ಟೇ. ನೀನು ನೀರಲ್ಲಿ ಹೋಗ್ತಿದ್ದೆ, ನಾನು ದಡದಲ್ಲಿ ನಿಂತು ನಿನ್ನ ಹೆಸರು ಕೂಗಿದೆ. ಇಳಿಯಲಿಕ್ಕೆ ಕಾಲು ಬರಲಿಲ್ಲ. ಇಳಿದಿದ್ದರೂ ಎಂತ ಮಾಡ್ತಿದ್ದೆ?"

ಒಲೆಯಲ್ಲಿ ಹಸಿ ಸೌದೆ ಸುಂಯ್ ಎಂದಿತು. ಅವ್ವ ತನ್ನನ್ನು ಶಾಲೆ ಬಿಡಿಸಿದ್ದು, ಶನಿವಾರ ಶನಿವಾರ ಬಂಡೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದು, ಎಲ್ಲ ಸೇವಂತಿಗೆ ನೆನಪಾಯಿತು. ಅವ್ವನಿಗೆ ಮಗಳ ಮೇಲೆ ನಂಬಿಕೆ ಇಲ್ಲ ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು.

"ಸೇವಂತಿ," ಎಂದಳು ಅವ್ವ ಹಿಂದಿನಿಂದ, ಬೇರೆ ಯಾರಿಗೂ ಕೇಳಿಸಬಾರದು ಎಂಬ ಹಾಗೆ. "ಬೇಸಿಗೆಯಲ್ಲಿ ನೀರು ನಿಂತ ಮೇಲೆ... ನನ್ನಷ್ಟು ಪ್ರಾಯದವರಿಗೆ ಆ ಟೀಚರ್ ಕಲಿಸ್ತಾರಾ?"

ಸೇವಂತಿ ಅವ್ವನ ಮುಖ ನೋಡಬೇಕೆಂದು ಥಟ್ಟನೆ ತಿರುಗಿದಳು.

"ಅಲ್ಲಾಡ್ಬೇಡ. ತಲೆ ಇನ್ನೂ ಒದ್ದೆ ಉಂಟು," ಎಂದು ಅವ್ವ ಅವಳ ತಲೆಯನ್ನು ಮತ್ತೆ ಒಲೆಯ ಕಡೆಗೆ ತಿರುಗಿಸಿದಳು. ಸೇವಂತಿ ಅಲ್ಲಾಡದೆ ಕೂತಳು. ಈ ಸಲ ಬೈರಾಸು ಮೆತ್ತಗೆ ಓಡಾಡುತ್ತಿತ್ತು.